ಕಚೇರಿಗೆ ಬಾರದ ಕಿಟಕಿ

ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ ಮನುಷ್ಯ ಮೊದಲು ಬಾಗಿಲಿನ ಗುಂಡಿ ಒತ್ತುತ್ತಾನೆ. ಆಮೇಲೆ ಇರುವ ಎಲ್ಲ ಗುಂಡಿಗಳನ್ನೂ ಒತ್ತುತ್ತಾನೆ. ಆಮೇಲೆ ತನ್ನ ಗುಂಡಿಗೆಯನ್ನೇ ಒತ್ತಿ ಹಿಡಿದುಕೊಳ್ಳುತ್ತಾನೆ. ಕೊನೆಗೆ ಆ ಕೆಂಪು ಗಂಟೆ ನೆನಪಾಗುತ್ತದೆ. ಅವನು ಅದನ್ನು ಒತ್ತಿದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ, ಅಡುಗೆಮನೆಯ ಕಿಟಕಿಗೆ ಕುರ್ಚಿ ಹಾಕಿಕೊಂಡು ಕೂತ ಸರ್ವಮಂಗಳೆಯ ಕಿವಿಯಲ್ಲಿ ಅದು ಬಾರಿಸುತ್ತದೆ.

"ಊರ್ಧ್ವ ಲಿಫ್ಟ್ ನೆರವು. ನಾನು ಸರ್ವಮಂಗಳ. ಹೇಳ್ರಿ."

"ಒಬ್ಬನೇ ಇದ್ದೇನೆ ಮಾರಾಯ್ರೆ! ಪೂರಾ ಕತ್ತಲೆ! ಉಸಿರು ಸಿಗುವುದಿಲ್ಲ ನನಗೆ!"

ಸರ್ವಮಂಗಳೆಯ ನಾಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಘಟ್ಟ ಇಳಿಯಿತು. "ಎಂಥ ಮಾರಾಯ್ರೆ, ಉಸಿರು ಸಿಗದಿದ್ದರೆ ಇಷ್ಟು ದೊಡ್ಡ ಬೊಬ್ಬೆ ಹಾಕ್ಲಿಕ್ಕೆ ಆಗ್ತದಾ? ಮೇಲೆ ಜಾಲರಿ ಉಂಟಲ್ಲ, ಅದರಿಂದ ಗಾಳಿ ಬರ್ತದೆ. ಜನ ಹೊರಟಿದ್ದಾರೆ. ನೀವು ಮೆಲ್ಲ ಕೂತ್ಕೊಳ್ಳಿ ನೋಡುವ."

"ನೀವು ಪುತ್ತೂರಿನವರಾ?"

"ಪುತ್ತೂರಿನವರ ಪಕ್ಕದ ಮನೆಯಲ್ಲಿ ಬೆಳೆದವಳು."

ಮಾತು ನಿಜ. ಅವಳಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಅವರ ವಸತಿಗೃಹದ ಸಾಲಿನಲ್ಲಿ ಒಂದು ಮನೆ ಪುತ್ತೂರು, ಒಂದು ಗದಗ, ಒಂದು ಮಳವಳ್ಳಿ, ಒಂದು ಬೀದರು. ನಲ್ಲಿಯ ಮುಂದೆ ಇಡೀ ಕರ್ನಾಟಕ ಕೊಡ ಹಿಡಿದು ಜಗಳವಾಡುತ್ತಿತ್ತು. ಸರ್ವಮಂಗಳ ಕೊಡ ತುಂಬಿಸಿಕೊಳ್ಳುವ ಬದಲು ಕಿವಿ ತುಂಬಿಸಿಕೊಂಡು ಬರುತ್ತಿದ್ದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದಳು ನಿಜ; ಆದರೆ ಮೇಷ್ಟ್ರ ಪಾಠಕ್ಕಿಂತ ಮೇಷ್ಟ್ರ ದನಿಯನ್ನೇ ಚೆನ್ನಾಗಿ ಒಪ್ಪಿಸುತ್ತಿದ್ದಳು.

ಕತ್ತಲೆಯ ಪೆಟ್ಟಿಗೆಯಲ್ಲಿದ್ದವನು ಈಗ ಕಿವಿ ನಿಮಿರಿಸಿದ. "ಅದೆಂಥ ಸದ್ದು, ಚಟಪಟ?"

"ಮಂಡಕ್ಕಿ ಭಟ್ಟಿ. ಕಾದ ಮರಳಲ್ಲಿ ಅಕ್ಕಿ ಹುರೀತಾರೆ."

"ಮತ್ತೆ ಸಿಳ್ಳೆ?"

"ನಮ್ಮನೆ ಕುಕ್ಕರ್. ಎರಡನೇದು. ಇನ್ನೊಂದು ಆದ್ರೆ ಬೇಳೆ ಬೆಂದ ಹಾಗೆ."

ಕಿಟಕಿಯಾಚೆ ಒಬ್ಬ ಕಂಡಕ್ಟರು "ಹರಿಹರ್ ಹರಿಹರ್ ರಾಣೆಬೆನ್ನೂರ್ ಹಾವೇರಿ" ಎಂದು ಒಂದೇ ಉಸಿರಿಗೆ ಮೂರೂರು ದಾಟಿದ. ಒಳಗಿಂದ ಅತ್ತೆ ಹಾಲಮ್ಮ ಕೂಗಿದರು: "ಯಾರೇ ಅದು ಮಂಗ್ಳಿ, ಪೆಟ್ಟಿಗ್ಯಾಗೆ ಸಿಕ್ಕೊಂಡಿರೋದು? ಉಂಡಾರೇನ್ ಕೇಳು!"

ಆಚೆ ಕಡೆಯವನು ನಕ್ಕ. ನಕ್ಕ ಮೇಲೆ ಅವನ ಉಸಿರು ಹದಕ್ಕೆ ಬಂದಿದ್ದು ಸರ್ವಮಂಗಳೆಗೆ ಕೇಳಿಸಿತು. ಮೂರನೇ ಸೀಟಿಗೆ ಬೇಳೆಯೂ ಬೆಂದಿತ್ತು, ಅವನೂ ಹೊರಗೆ ಬಂದಿದ್ದ.

ಆ ಕಾಲಕ್ಕೆ ದಾವಣಗೆರೆಯಂಥ ಊರಿನಲ್ಲೂ ಮನೆಗಳು ಅಗಲಕ್ಕೆ ಬೆಳೆಯುವುದು ಬಿಟ್ಟು ಉದ್ದಕ್ಕೆ ಬೆಳೆಯುತ್ತಿದ್ದವು. ಲಿಫ್ಟಿಗೆ ಬುದ್ಧಿ ಬಂದಿತ್ತು. ಬುದ್ಧಿ ಬಂದ ಎಲ್ಲರಂತೆ ಅದೂ ಆಗಾಗ ಯೋಚನೆಗೆ ಬಿದ್ದು ನಿಂತುಬಿಡುತ್ತಿತ್ತು. ಸಿಕ್ಕಿಕೊಂಡವರ ಜೊತೆ ಮಾತಾಡಲು ಮೊದಮೊದಲು ಯಂತ್ರದ ದನಿಯನ್ನೇ ಇಟ್ಟು ನೋಡಿದರು. ಒಂದು ಯಂತ್ರ ನುಂಗಿದವನಿಗೆ ಇನ್ನೊಂದು ಯಂತ್ರ ಸಮಾಧಾನ ಹೇಳಿದರೆ ಅವನು ಬಾಗಿಲು ಒದೆಯುತ್ತಿದ್ದ. ಹಾಗಾಗಿ ಮನುಷ್ಯರೇ ಉತ್ತರಿಸಬೇಕೆಂದು ಕಾನೂನು ಬಂತು. 'ಊರ್ಧ್ವ' ಕಂಪನಿ ಊರೂರಲ್ಲಿ ಜನ ಹುಡುಕಿ ಮನೆಯಿಂದಲೇ ಕೆಲಸಕ್ಕೆ ಹಚ್ಚಿತು. ಕರೆಯಲ್ಲಿ ಹಿನ್ನೆಲೆಯ ಸದ್ದು ಅಳಿಸುವ ತಂತ್ರಾಂಶವನ್ನೂ ಕೊಟ್ಟಿತು. ಸರ್ವಮಂಗಳ ಮೊದಲ ವಾರವೇ ಅದನ್ನು ಬಂದ್ ಮಾಡಿದವಳು ಮತ್ತೆ ಹಚ್ಚಿರಲಿಲ್ಲ. ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗಿನವನಿಗೆ ಬೇಕಾದದ್ದು ಲೋಕ ಇನ್ನೂ ನಡೆಯುತ್ತಿದೆ ಎನ್ನುವ ಸುದ್ದಿ. ಅದು ಬರುತ್ತಿದ್ದದ್ದು ಕಿಟಕಿಯಿಂದ.

ಹೀಗಿರುವಾಗ ಒಂದು ದಿನ ಕೊರಿಯರಿನಲ್ಲಿ ತಾಳಿ ಬಂತು.

ಕಂಪನಿ ಅದಕ್ಕೆ 'ಬಂಧ' ಎಂದು ಹೆಸರಿಟ್ಟಿತ್ತು. ಬಟ್ಟಲಿನಾಕಾರದ ಬಿಲ್ಲೆ, ಕಪ್ಪು ದಾರ, ಎದೆಯ ನಡುವೆ ತೂಗಬೇಕು. ಹೆಣ್ಣು ಗಂಡೆನ್ನದೆ ಎಲ್ಲರ ಕೊರಳಿಗೂ ಕಡ್ಡಾಯ. ಬಿಲ್ಲೆ ಉಸಿರಿನ ಏರಿಳಿತ, ಎದೆಯ ಬಡಿತ ಎರಡನ್ನೂ ಗಮನಿಸುತ್ತದೆ. ಇಬ್ಬರು ಮನಸ್ಸಿಟ್ಟು ಒಡನಾಡುವಾಗ ಅವರ ಉಸಿರೂ ಬಡಿತವೂ ಗೊತ್ತಿಲ್ಲದೆಯೇ ಒಂದೇ ಲಯಕ್ಕೆ ಬರುತ್ತವಂತೆ. ಹತ್ತಿರ ಕೂತವರ ಬಿಲ್ಲೆಗಳು ತಂತಮ್ಮಲ್ಲಿ ಲೆಕ್ಕ ಹಂಚಿಕೊಂಡು, ಹೊಂದಿಕೆ ಎಷ್ಟಿದೆ ಎಂದು ನೂರಕ್ಕೆ ಇಷ್ಟು ಅಂಕ ಕೊಡುತ್ತವೆ. ಅದಕ್ಕೆ ಮೇಳಾಂಕ ಎಂದು ಹೆಸರು.

"ಕಚೇರಿ ಅಂದ್ಮೇಲೆ ತಾಳ ಇರಲೇಬೇಕಲ್ಲ," ಎಂದು ಸರ್ವಮಂಗಳ ಅದನ್ನು ಕಟ್ಟಿಕೊಂಡಳು. "ತಾಳಿದವನು ಬಾಳಿಯಾನು ಅಂತಿದ್ರು. ಈಗ ತಾಳಿ ಕಟ್ಟಿಕೊಂಡವನು ಬಾಳಿಯಾನು."

ಒಂದು ತಿಂಗಳಾದ ಮೇಲೆ ಕಾರ್ಯಾಚರಣೆಯ ಮುಖ್ಯಸ್ಥ ಶ್ರೀವತ್ಸ ಪರದೆಯ ಮೇಲೆ ಎಲ್ಲರನ್ನೂ ಸೇರಿಸಿದ. ಬೆಂಗಳೂರಿನ ಕಚೇರಿ ಗೋಪುರದಲ್ಲಿ ಕೂತು ಕೆಲಸ ಮಾಡುವ ಕೆಲವರ ಮೇಳಾಂಕ ಅರವತ್ತು ಮುಟ್ಟಿತ್ತು. ಮನೆಯಿಂದ ಕೆಲಸ ಮಾಡುವವರದ್ದು ಸೊನ್ನೆ.

"ಬೇಸಿಕಲಿ," ಎಂದ ಶ್ರೀವತ್ಸ. ಅವನು ದೇವರಿಗೆ ಕೈ ಮುಗಿಯುವಾಗಲೂ ಬೇಸಿಕಲಿ ಎಂದೇ ಶುರು ಮಾಡುತ್ತಿದ್ದನೆಂದು ಸರ್ವಮಂಗಳೆಯ ನಂಬಿಕೆ. "ಬೇಸಿಕಲಿ ವಿಜ್ಞಾನವೇ ಹೇಳಿಬಿಟ್ಟಿದೆ. ಒಟ್ಟಿಗೆ ಕೂತ್ರೆ ಒಗ್ಗಟ್ಟು. ಮುಂದಿನ ತಿಂಗಳಿಂದ ಎಲ್ರೂ ಗೋಪುರಕ್ಕೆ. ಬರದೇ ಇದ್ರೆ ಗೈರುಹಾಜರಿ. ಒಂದು ವಾರ ಗೈರಾದ್ರೆ ಕೆಲಸ ಇಲ್ಲ. ಇನ್ಮೇಲೆ ಎಲ್ಲಾನೂ ಅಂಕಾನೇ ನಿರ್ಧರಿಸುತ್ತೆ. ಬಡ್ತಿ, ರಜೆ, ಯಾರಿಗೆ ಯಾವ ಕರೆ ಹೋಗ್ಬೇಕು, ಎಲ್ಲಾನೂ. ನಾವೆಲ್ಲ ಒಂದು ಫ್ಯಾಮಿಲಿ. ರೈಟ್?"

"ಫ್ಯಾಮಿಲಿ ಅಂದ್ಮೇಲೆ ಮನೇಲೇ ಇರ್ಬೇಕಲ್ರೀ ಸಾರ್," ಎಂದಳು ಸರ್ವಮಂಗಳ. "ಅಲ್ಲ, ಒಂದ್ ಮಾತು. ನಾನು ಮಾತಾಡೋದು ಲಿಫ್ಟಲ್ಲಿರೋರ ಜೊತೆ. ಅವರ ಕೊರಳಲ್ಲಿ ಬಿಲ್ಲೆ ಇಲ್ಲ. ಜೋಡಿಯಲ್ಲಿ ಒಬ್ಬರನ್ನ ಬಿಟ್ಟು ಲೆಕ್ಕ ಹಾಕಿದ್ರೆ ಸೊನ್ನೆ ಬರದೆ ಇನ್ನೇನು? ಒಂದೇ ಕೈ ಆಡಿಸಿ ಚಪ್ಪಾಳೆ ಕೇಳಲಿಲ್ಲ ಅಂದ ಹಾಗಾಯ್ತು."

"ನಿಮ್ಮ ಹಿಂದೆ ತುಂಬ ಸದ್ದಿದೆ ಮೇಡಂ," ಎಂದು ಶ್ರೀವತ್ಸ ಅವಳ ದನಿ ಬಂದ್ ಮಾಡಿದ.

ಮನೆಯಲ್ಲೂ ಚರ್ಚೆ ಆಯಿತು. ಗಂಡ ಕೊಟ್ರೇಶ ನಗರ ಬಸ್ಸಿನ ಚಾಲಕ. ಅನ್ನ ಕಲಸುತ್ತಾ, "ನಾನೇನ್ ಬಸ್ಸು ಮನ್ಯಾಗೆ ಓಡ್ಸಾಕಾಗ್ತತೇನು?" ಎಂದ. "ಕೆಲ್ಸ ಎಲ್ಲೈತೋ ಅಲ್ಲಿಗೆ ಹೋಗ್ಬೇಕಪ್ಪ. ಅದು ಲೋಕದ ಪದ್ಧತಿ."

"ಸರಿಯಾಗಿ ಹೇಳಿದ್ರಿ. ನಿಮ್ಮ ಕೆಲ್ಸ ರಸ್ತೆ ಮ್ಯಾಲೈತಿ, ರಸ್ತೆಗೆ ಹೋಗ್ತೀರಿ. ನನ್ನ ಕೆಲ್ಸ ಲಿಫ್ಟ್‌ನ್ಯಾಗೆ ಐತಿ, ಸಿಕ್ಕೊಂಡಿರೋರ ಕಿವ್ಯಾಗೆ ಐತಿ. ಬೆಂಗಳೂರಿನ ಕುರ್ಚಿ ಮ್ಯಾಲೆ ಎಲ್ಲೈತಿ?"

"ಕೆಲ್ಸ ಹೋದ್ರೆ?"

ಅವಳು ಅವನ ತಟ್ಟೆಗೆ ಸಾರು ಬಡಿಸಿದಳು. ಕೆಲಸ ಬೇಕಿತ್ತು. ಬರೀ ಸಂಬಳಕ್ಕಲ್ಲ, ಊರ ದನಿಗಳನ್ನೆಲ್ಲ ಅಣಕಿಸುತ್ತಾಳೆಂದು ಬೈಸಿಕೊಂಡೇ ಬೆಳೆದವಳಿಗೆ, ಆ ಅಣಕದಿಂದ ಒಬ್ಬರ ಜೀವ ಹದಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟ ಕೆಲಸ ಅದು. ಕೆಲಸ ಉಳಿಯಬೇಕು, ಕಿಟಕಿಯೂ ಉಳಿಯಬೇಕು.

ಹಾಲಮ್ಮ ಮಜ್ಜಿಗೆ ಬಡಿಸುತ್ತಾ ತೀರ್ಪು ಕೊಟ್ಟರು: "ಒಂದು ವಾರ ಹೋಗಿ ನೋಡ್ಕೊಂಡ್ ಬಾ. ನೋಡದಲೆ ಬೈಬಾರ್ದು. ನೋಡಿ ಬೈಯಿ."

*

ಗೋಪುರದ ನಿಯಂತ್ರಣ ಕೊಠಡಿಯಲ್ಲಿ ಕಿಟಕಿ ಇರಲಿಲ್ಲ. ಗೋಡೆಗೆ ಸದ್ದು ನುಂಗುವ ಹಾಸು, ನೆಲಕ್ಕೆ ಹೆಜ್ಜೆ ನುಂಗುವ ಹಾಸು, ಮೈಕಿನಲ್ಲಿ ಉಳಿದದ್ದನ್ನು ನುಂಗುವ ತಂತ್ರಾಂಶ. ಎದುರಿನ ಗೋಡೆಯ ತುಂಬ ದೊಡ್ಡ ಪರದೆ, ಅದರ ನಡುವೆ ಇಡೀ ಕೊಠಡಿಯ ಮೇಳಾಂಕ. ಒಂದು ಗಾಜಿನ ಗೋಡೆಯ ಈಚೆಗೆ ಹಾಜರಿ ವಿಭಾಗ, ಆಚೆಗೆ ಕರೆ ಹಂಚುವ ವಿಭಾಗ. ಎರಡೂ ವಿಭಾಗದವರು ದಿನವಿಡೀ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂತು, ಮಿಂಚಂಚೆಯಲ್ಲಿ ಜಗಳವಾಡುತ್ತಿದ್ದರು. ಬಾಯಿ ಬಿಟ್ಟು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಪಕ್ಕದ ಕುರ್ಚಿಯ ನಾಗಭೂಷಣ ಮಾತ್ರ ಮದುಮಗನಂತೆ ಬೀಗುತ್ತಿದ್ದ. "ಅಕ್ಕೋ, ಈ ಕುರ್ಚಿ ನೋಡಿ! ತಿರುಗುತ್ತೆ! ನಮ್ಮನೇಲಿ ಇರೋದೊಂದು ಮಂಚ. ಮಂಚದ ಮೇಲೆ ಅವಳಿ ಮಕ್ಕಳು, ಮಂಚದ ಕೆಳಗೆ ನಾನು. ಎರಡು ವರ್ಷ ಮಂಚದಡೀಲಿ ಮಲಗ್ಕೊಂಡೇ ಜನಕ್ಕೆ ಧೈರ್ಯ ಹೇಳಿದೀನಿ. ಒಂದ್ಸಲ ಒಬ್ರು ಕೇಳೇಬಿಟ್ರು, 'ಸಾರ್, ನೀವೂ ಸಿಕ್ಕಾಕ್ಕೊಂಡಿದೀರಾ?' ಅಂತ."

ಸರ್ವಮಂಗಳ ನಕ್ಕಳು, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ನಿನಗೆ ಕುರ್ಚಿ ಬೇಕು ಕಣಪ್ಪ. ಬೇಕೇ ಬೇಕು. ಅದನ್ನ ನಿನ್ನಿಂದ ಯಾರೂ ಕಿತ್ಕೋಬಾರ್ದು. ಆದ್ರೆ ನಿನ್ನ ಸ್ವರ್ಗಾನ ನನಗೆ ಕಡ್ಡಾಯ ಮಾಡಿದ್ರೆ ಅದು ನನ್ನ ನರಕ."

ಕರೆಗಳು ಬಂದವು. ಎಲ್ಲ ಮೊದಲಿನ ಹಾಗೆಯೇ ಇದ್ದವು, ಉತ್ತರ ಮಾತ್ರ ಬೋಳಾಗಿತ್ತು. ಅವಳ ದನಿ ಅವಳಿಗೇ ತೊಳೆದಿಟ್ಟ ಪಾತ್ರೆಯಂತೆ ಕೇಳಿಸಿತು. ಕೋಲಾರದ ಹೆಂಗಸೊಬ್ಬಳು ಅಳುತ್ತಲೇ, "ಏನಮ್ಮಾ ನೀವು ಮನುಷ್ಯರೇನಾ? ಸುತ್ತ ಏನೂ ಕೇಳಿಸ್ತಿಲ್ವೇ," ಎಂದಳು. ಅವಳನ್ನು ಸಮಾಧಾನ ಮಾಡಲು ಬಹಳ ಹೊತ್ತು ಹಿಡಿಯಿತು.

ಗೋಡೆಯ ಅಂಕವಂತೂ ದಿನವೂ ಮಧ್ಯಾಹ್ನ ಮೂರರ ಹೊತ್ತಿಗೆ ಹಾರಿ ಎಂಬತ್ತು ಮುಟ್ಟುತ್ತಿತ್ತು. ಶ್ರೀವತ್ಸ ಅದಕ್ಕೆ 'ಮೂರು ಗಂಟೆಯ ಮಹಾಮೇಳ' ಎಂದು ಹೆಸರಿಟ್ಟು ನಿರ್ದೇಶಕರಿಗೆ ತೋರಿಸಲು ಚಿತ್ರಪಟ ಮಾಡಿಸಿದ್ದ. ಬುಧವಾರ ಸರ್ವಮಂಗಳ ಆ ಹೊತ್ತಿಗೆ ಪರದೆ ಬಿಟ್ಟು ಜನರನ್ನು ನೋಡಿದಳು. ನಾಗಭೂಷಣ ಆಕಳಿಸಿದ. ಅವನನ್ನು ನೋಡಿ ಆಚೆಯವಳು. ಅವಳನ್ನು ನೋಡಿ ಮೂಲೆಯವನು. ತಂಪು ಗಾಳಿ, ಹೊಟ್ಟೆಯಲ್ಲಿ ಪುಳಿಯೋಗರೆ, ಆಕಳಿಕೆ ತೆರೆಯಂತೆ ಕೊಠಡಿ ಸುತ್ತಿ ಬಂತು. ಅಂಕ ಜಿಗಿಯಿತು.

"ಅಯ್ಯೋ ಶಿವನೇ," ಎಂದು ಅವಳು ಗೊಣಗಿದಳು. ಅನುಮಾನ ತೀರಿಸಿಕೊಳ್ಳಲು ತಾನೇ ಒಂದು ಆಕಳಿಕೆ ಬಿಟ್ಟಳು. ಅನುಕರಣೆಯಲ್ಲಿ ಪಳಗಿದವಳ ಆಕಳಿಕೆ: ದವಡೆ ಕಳಚುವಂತೆ ತೆರೆದು, ಕಣ್ಣಂಚಲ್ಲಿ ನೀರು ತಂದು, ಕೊನೆಗೆ "ಆವ್" ಎಂದು ಇಳಿಸುವಂಥದ್ದು. ಇನ್ನೊಂದು ಸುತ್ತು ತೆರೆ ಎದ್ದಿತು. ಅಂಕ ಎಂಬತ್ತಾರು.

ಅವಳು ನೇರ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಇಳಿದಳು. ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ.

ಬಿಲ್ಲೆ ಕಂಡುಹಿಡಿದದ್ದು ಡಾಕ್ಟರ್ ಫಿಲೋಮಿನಾ ಡಿಸಿಲ್ವ. ಐವತ್ತರ ಹೆಂಗಸು, ಮಂಗಳೂರಿನ ಕಡೆಯವರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಬೆಸುಗೆ ಕಡ್ಡಿ. ಆಕಳಿಕೆಯ ಕಥೆ ಕೇಳಿ ಅವರು ನಗಲಿಲ್ಲ.

"ನನಗೆ ಗೊತ್ತುಂಟು," ಎಂದರು. "ಮೇಲಿನವರಿಗೆ ಹೇಳಿದ್ದೇನೆ. ಅವರಿಗೆ ಅಂಕ ಬೇಕು, ಅರ್ಥ ಬೇಡ. ನಾನಿದನ್ನು ಮಾಡಿದ್ದು ಎಂತಕ್ಕೆ ಗೊತ್ತುಂಟಾ ನಿಮಗೆ? ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ. ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿದರೆ ಅದರ ಉಸಿರು ಮೆಲ್ಲ ತಾಯಿಯ ಉಸಿರಿನ ಹಿಂದೆ ನಡೀಲಿಕ್ಕೆ ಕಲೀತದೆ. ಅದನ್ನು ಅಳೀಲಿಕ್ಕೆ ಮಾಡಿದ್ದು. ಕಂಪನಿ ಕೊಂಡುಕೊಂಡಿತು. ಈಗ ಆಕಳಿಕೆ ಅಳೀತಾರೆ."

ಸರ್ವಮಂಗಳ ತನ್ನ ಬಿಲ್ಲೆಯನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಡಾಕ್ಟ್ರೇ, ಎದೆ ಮೇಲೆ ಮಲಗದೇ ಇದ್ರೂ ಉಸಿರು ಹಿಂದೆ ನಡೆದು ಬರುತ್ತೆ. ಫೋನಲ್ಲಿ. ನನಗೆ ದಿನಾ ಕೇಳಿಸುತ್ತೆ. ಆದ್ರೆ ಅವರ ಕೊರಳಿಗೆ ಬಿಲ್ಲೆ ಹಾಕೋರು ಯಾರು?"

ಫಿಲೋಮಿನಾ ಬೆಸುಗೆ ಕಡ್ಡಿ ಕೆಳಗಿಟ್ಟರು. ಕನ್ನಡಕ ಮೇಲೇರಿಸಿದರು. "ಬಿಲ್ಲೆ ಎಂತಕ್ಕೆ? ಲಿಫ್ಟಿನ ನೆಲದಡಿ ಭಾರ ಅಳೆಯುವ ಕಂಬಿ ಉಂಟಲ್ಲ! ಎಂಟು ಜನಕ್ಕಿಂತ ಹೆಚ್ಚು ಹತ್ತಿದರೆ ಕಿರುಚುತ್ತದಲ್ಲ, ಅದೇ. ಎದೆ ಬಡಿದಾಗೆಲ್ಲ ಮೈ ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಆಗ್ತದೆ, ಉಸಿರೆಳೆದಾಗಲೂ. ಲಿಫ್ಟು ಓಡುವಾಗ ಅದು ಗೊತ್ತಾಗುವುದಿಲ್ಲ. ನಿಂತಾಗ, ಒಳಗೆ ಒಬ್ಬರೇ ಇದ್ದಾಗ..." ಅವರು ಆಗಲೇ ಕೀಲಿಮಣೆಯ ಮೇಲೆ ಬಾಗಿದ್ದರು. "ಆ ಲೆಕ್ಕ ಹೇಗೂ ಕಂಪನಿಗೆ ಬರ್ತಾ ಉಂಟು. ಯಾರೂ ತೆರೆದು ನೋಡಲಿಲ್ಲ ಅಷ್ಟೆ. ನಾನೂ ನೋಡಲಿಲ್ಲ, ಪೆದ್ದಿ! ಶುಕ್ರವಾರದೊಳಗೆ ಗೋಡೆಗೆ ಹಾಕ್ತೇನೆ. ಶ್ರೀವತ್ಸ ಕೇಳಿದರೆ ಮೇಳಾಂಕವನ್ನು ಇನ್ನೂ ನಿಖರ ಮಾಡಿದ್ದು ಅಂತ ಹೇಳ್ತೇನೆ. ಸುಳ್ಳಲ್ಲವಲ್ಲ."

*

ಶುಕ್ರವಾರ ಮಧ್ಯಾಹ್ನ ನಿರ್ದೇಶಕರು ಬಂದರು. ಅತಿಥಿಗಳ ಕೊರಳಿಗೂ ಬಿಲ್ಲೆ ಬಿತ್ತು. ಶ್ರೀವತ್ಸ ಮಹಾಮೇಳದ ಚಿತ್ರಪಟ ತೋರಿಸಿದ, ಬೇಸಿಕಲಿ ಎಂದ, ಪ್ರಶ್ನೆಗಳಿದ್ದರೆ ಕೇಳಿ ಎಂದ. ನಿರ್ದೇಶಕರು ಅನುಭವಸ್ಥರು, ಕೇಳಲಿಲ್ಲ.

"ನಂದೊಂದಿದೆ," ಎಂದು ಸರ್ವಮಂಗಳ ಎದ್ದಳು. "ಈ ಒಗ್ಗಟ್ಟು ಹೇಗೆ ಬರುತ್ತೆ ಅಂತ ತೋರಿಸ್ಲಾ ಸಾರ್? ಎಲ್ರೂ ನನ್ನ ಕಡೆ ನೋಡಿ."

ಆಕಳಿಸಿದಳು.

ನಾಗಭೂಷಣ ಮೊದಲು ಬಿದ್ದ. ಆಮೇಲೆ ಇಡೀ ಸಾಲು. ಹಿರಿಯ ನಿರ್ದೇಶಕರು ತುಟಿ ಬಿಗಿಹಿಡಿದು, ಮೂಗಿನ ಹೊಳ್ಳೆ ಅರಳಿಸಿ ಹೋರಾಡಿದರು. ಕೊನೆಗೆ ಕೈ ಅಡ್ಡ ಹಿಡಿದು ಸೋತರು. ಶ್ರೀವತ್ಸ "ಮೇಡಂ, ಬೇಸಿಕ..." ಎಂದವನು ಅಲ್ಲೇ ಬಾಯಿ ಅಗಲಿಸಿದ. ಗೋಡೆಯ ಮೇಲೆ ತೊಂಬತ್ತೊಂದು ಬೆಳಗಿತು. ಕಂಪನಿಯ ಚರಿತ್ರೆಯಲ್ಲೇ ಅತಿ ಹೆಚ್ಚು.

"ನೋಡ್ರಿ ಒಗ್ಗಟ್ಟು," ಎಂದಳು ಸರ್ವಮಂಗಳ. "ಇಷ್ಟಕ್ಕೆ ಬೆಂಗಳೂರಿಗೆ ಬರ್ಬೇಕಾಗಿತ್ತಾ? ಊಟ ಆದ್ಮೇಲೆ ನಮ್ಮತ್ತೆ, ನಾನು, ಬೆಕ್ಕು ಸೇರಿ ದಿನಾ ಮಾಡ್ತೀವಿ."

ನಗೆ ಎದ್ದಿತು. ಅದು ಇಳಿಯುವ ಮೊದಲೇ ನಾಗಭೂಷಣನ ಮುಂದೆ ಕೆಂಪು ದೀಪ ಹೊತ್ತಿತು. ಶ್ರೀವತ್ಸ ಉಳಿದದ್ದೇ ಭಾಗ್ಯವೆಂದು, "ಕರೆ ಎಲ್ರಿಗೂ ಕೇಳಿಸ್ಲಿ, ನಮ್ಮ ಗುಣಮಟ್ಟ ನೋಡಿ," ಎಂದು ಧ್ವನಿವರ್ಧಕಕ್ಕೆ ಹಾಕಿದ.

"ಯಾರರ ಅದೀರೇನ್ರೀ? ನಾ ಗದಗದಾಗ ಅದೀನ್ರೀ, ಒಬ್ಬನ ಅದೀನಿ! ಲೈಟ್ ಹೋತ್ರೀ! ಎದಿ ಒಡದ ಹೋಗಾಕತ್ತೈತ್ರೀ!" ಮುದುಕರ ದನಿ.

"ಸಾರ್, ಗಾಬರಿ ಆಗ್ಬೇಡಿ, ನಮ್ಮ ತಂಡ ಹೊರಟಿದೆ," ಎಂದ ನಾಗಭೂಷಣ. ಒಳ್ಳೆಯ ದನಿ, ಒಳ್ಳೆಯ ಹುಡುಗ. ಸುತ್ತ ನುಣ್ಣನೆಯ ನಿಶ್ಶಬ್ದ.

"ಇದು ರೆಕಾರ್ಡ್ ಮಾಡಿದ್ದ ಐತಿ! ಮನಷ್ಯಾ ಅಲ್ಲ ಇದು! ಯಾರೂ ಇಲ್ಲೋ ಯಪ್ಪಾ!" ಬಾಗಿಲು ಗುದ್ದುವ ಸದ್ದು. ಗೋಡೆಯ ಮೂಲೆಯಲ್ಲಿ ಫಿಲೋಮಿನಾ ಹಾಕಿದ್ದ ಹೊಸ ಗೆರೆ ಮೊದಲ ಬಾರಿ ಜೀವ ತಳೆಯಿತು: ಗದಗದ ಒಂದು ಲಿಫ್ಟಿನ ನೆಲ ಕಳಿಸುತ್ತಿದ್ದ ಬಡಿತ. ಹುಚ್ಚು ಹಿಡಿದ ಡೊಳ್ಳಿನಂತಿತ್ತು. ಅದರ ಪಕ್ಕದ ಮೇಳಾಂಕ ಎರಡು.

ನಾಗಭೂಷಣ ತಿರುಗಿ ನೋಡಿದ. "ಅಕ್ಕಾ..."

ಸರ್ವಮಂಗಳ ಮೈಕು ತೆಗೆದುಕೊಂಡಳು. ಕಿಟಕಿ ಹುಡುಕಿ ಅವಳ ಕಣ್ಣು ಅಭ್ಯಾಸಬಲದಿಂದ ಎಡಕ್ಕೆ ಹೋಯಿತು. ಅಲ್ಲಿ ಹಾಸು ಹೊದ್ದ ಗೋಡೆ. ಅವಳು ಸದ್ದು ಅಳಿಸುವ ತಂತ್ರಾಂಶ ಬಂದ್ ಮಾಡಿದಳು, ಕಣ್ಣು ಮುಚ್ಚಿದಳು, ಬಾಯಿ ತೆರೆದಳು.

ಮೊದಲು ಕುಕ್ಕರಿನ ಸೀಟಿ ಬಂತು. ಒಳಗೆ ಕುದಿದು, ತಡೆತಡೆದು, ಮೇಲೇರಿ ಸುಂಯ್ ಎಂದು ಇಳಿದ ಸೀಟಿ. ನಿರ್ದೇಶಕರೊಬ್ಬರು ಒಲೆ ಎಲ್ಲಿದೆಯೆಂದು ಸುತ್ತ ನೋಡಿದರು.

"ಅಯ್ಯ, ತಡೀರಿ ಸರ, ಬ್ಯಾಳಿ ಇಟ್ಟೇನಿ, ಸೀಟಿ ಆತು," ಎಂದಳು. "ಏನಾತ್ರೀ? ಲಿಫ್ಟ್ ನಿಂತೈತೇನು? ನಿಂದರಲಿ ಬಿಡ್ರಿ, ಎಲ್ಲಿ ಹೊಕ್ಕೈತಿ ಅದು? ನಮ್ಮ ಹುಡುಗೂರು ದಾರ್ಯಾಗ ಅದಾರ. ನೀವು ಗ್ವಾಡಿಗೆ ಬೆನ್ನ ಹಚ್ಚಿ ಕುಂದರ್ರಿ."

ನಾಲಿಗೆಯ ತುದಿಯಲ್ಲಿ ಮಂಡಕ್ಕಿ ಅರಳಿತು, ಚಟಪಟ ಚಟಪಟ. ಗಲ್ಲದ ಮೂಲೆಯಲ್ಲಿ ಕಾಗೆ ಕೂತಿತು. ಮುಖ ಪಕ್ಕಕ್ಕೆ ತಿರುಗಿಸಿ, ದೂರದಿಂದೆಂಬಂತೆ ಒಬ್ಬ ಕಂಡಕ್ಟರನನ್ನು ಕೂಗಿಸಿದಳು. ಕೊನೆಗೆ ಅತ್ತೆಯ ದನಿ ತೆಗೆದು, "ಯಾರೇ ಅದು ಮಂಗ್ಳಿ, ಉಂಡಾರೇನ್ ಕೇಳು!" ಎಂದಳು.

ಗುದ್ದುವುದು ನಿಂತಿತು.

"ಯಾರ್ರೀ ಅವ್ರು?"

"ನಮ್ಮತ್ತಿ, ಸರ. ಊಟ ಆತೇನಂತ ಕೇಳಾಕತ್ತಾರ."

"ಎಲ್ಲೀ ಊಟರೀ," ಎಂದರು ಮುದುಕರು, ದನಿ ನಡುಗುತ್ತಿತ್ತು, ಆದರೆ ಅದು ಈಗ ಒಬ್ಬರ ಜೊತೆ ಮಾತಾಡುವವರ ದನಿ. "ಮಗಳ ಮನಿಗೆ ಊಟಕ್ಕಂತನ ಬಂದೇನ್ರೀ. ಏಳನೇ ಅಂತಸ್ತಿನ್ಯಾಗ ಮನಿ ಮಾಡ್ಯಾಳ ಪುಣ್ಯಾತಗಿತ್ತಿ."

"ಏನ್ ಮಾಡ್ಯಾರಂತ್ರೀ ಇವತ್ತ?"

"ಬದನಿಕಾಯಿ ಎಣಗಾಯಿ ಮಾಡ್ತೀನಂದಿದ್ಲು."

"ಹಂಗಾದ್ರ ದೊಡ್ಡ ಉಸಿರು ತಗೊಂಡ ನೋಡ್ರಿ, ವಾಸನಿ ಬರತೈತೇನ. ಹಾಂ. ಇನ್ನೊಮ್ಮೆ. ಮೆಲ್ಲಕ."

ಗೋಡೆಯ ಮೇಲೆ ಎರಡು ಗೆರೆಗಳು. ಒಂದು ಅವಳ ಎದೆಯ ಬಿಲ್ಲೆಯದು, ಇನ್ನೊಂದು ಗದಗದ ನೆಲದ್ದು. ಡೊಳ್ಳು ನಿಧಾನವಾಯಿತು. ಉಸಿರಿನ ಅಲೆ ಉದ್ದವಾಯಿತು. ಎರಡು ಗೆರೆಗಳು ದಾರಿಯಲ್ಲಿ ಸಿಕ್ಕ ಹಳೆಯ ಪರಿಚಿತರಂತೆ ಒಂದರ ಮಗ್ಗುಲಿಗೆ ಇನ್ನೊಂದು ನಡೆಯತೊಡಗಿದವು. ಇಪ್ಪತ್ತು, ಐವತ್ತು, ಎಂಬತ್ತು. ತೊಂಬತ್ತಾರಕ್ಕೆ ನಿಂತಿತು. ಕೊಠಡಿಯಲ್ಲಿ ಯಾರೂ ಆಕಳಿಸಲಿಲ್ಲ.

ಬಾಗಿಲು ಕಿರ್ರೆಂದಿತು, ಜನರ ದನಿ ಕೇಳಿಸಿತು. ಹೊರಗೆ ಕಾಲಿಡುವ ಮೊದಲು ಮುದುಕರು ಮತ್ತೆ ಮೈಕಿನ ಹತ್ತಿರ ಬಂದರು. "ತಂಗೀ, ಕುಕ್ಕರ್ ಇಳಸವಾ ಮೊದಲ. ಬ್ಯಾಳಿ ಹೊತ್ತೀತು."

"ಇಳಸ್ತೀನ್ರೀ ಸರ," ಎಂದಳು ಸರ್ವಮಂಗಳ.

ಶ್ರೀವತ್ಸ ಚಪ್ಪಾಳೆ ಹೊಡೆದ. "ಅದ್ಭುತ! ನೋಡಿದ್ರಾ ಸಾರ್? ಬೇಸಿಕಲಿ ಆಫೀಸಿಂದಾನೂ ಆಗುತ್ತೆ! ಆ ಸದ್ದುಗಳನ್ನ ರೆಕಾರ್ಡ್ ಮಾಡ್ಕೊಂಡು ಎಲ್ಲ ಕುರ್ಚಿಗೂ ಹಾಕ್ಸಿಬಿಡ್ತೀನಿ. ಸಮಸ್ಯೆ ಮುಗೀತು. ರೈಟ್?"

"ರೈಟ್ ಅಲ್ಲ ಸಾರ್, ರಾಂಗ್." ಅವಳ ದನಿ ಒಣಗಿತ್ತು, ಈಗ ಅದು ಯಾರ ಅನುಕರಣೆಯೂ ಆಗಿರಲಿಲ್ಲ. "ಇಲ್ಲಿ ಕುಕ್ಕರ್ ಇಲ್ಲ. ಬೇಳೆ ಇಲ್ಲ. ನಮ್ಮತ್ತೆ ಇಲ್ಲ. ಆ ಹಿರಿಯರು ತಮ್ಮ ಭಯ ಬಿಟ್ಟು ನನ್ನ ಬೇಳೆ ಹೊತ್ತುತ್ತೆ ಅಂತ ಕಾಳಜಿ ಮಾಡಿದ್ರು. ನಾನು ಅವರಿಗೆ ಸುಳ್ಳು ಹೇಳಿದೆ. ಮನೇಲಿದ್ದಿದ್ರೆ ಅದೇ ಮಾತು ನಿಜ ಆಗಿರ್ತಿತ್ತು. ಒಂದು ಜೀವಕ್ಕೋಸ್ಕರ ಒಂದು ಸಲ ಹೇಳಿದೀನಿ. ದಿನಾ ಸುಳ್ಳು ಹೇಳೋ ಕೆಲಸಕ್ಕೆ ನಾನು ಸೇರಿಲ್ಲ."

"ಅಂದ್ರೆ?"

"ಅಂದ್ರೆ ಸೋಮವಾರ ನಾನು ಕೆಲಸಕ್ಕೆ ಹಾಜರಾಗ್ತೀನಿ. ಇಲ್ಲಿಗೆ ಬರಲ್ಲ. ನಾಗಭೂಷಣನ ಕುರ್ಚಿ ನಾಗಭೂಷಣನಿಗೆ ಇರ್ಲಿ, ನನ್ನ ಕಿಟಕಿ ನನಗಿರ್ಲಿ. ಅಂಕಾನೇ ಎಲ್ಲಾನೂ ನಿರ್ಧರಿಸುತ್ತೆ ಅಂತ ಹೇಳಿದವರು ನೀವೇ. ಅಗೋ ಗೋಡೆ ಮೇಲಿದೆ."

ಹಿರಿಯ ನಿರ್ದೇಶಕರು ಗೋಡೆ ನೋಡಿದರು, ಗಡಿಯಾರ ನೋಡಿದರು, "ಪರಿಶೀಲಿಸೋಣ," ಎಂದರು. ಆ ಮಾತಿನ ಅರ್ಥ ಎಲ್ಲ ಕಚೇರಿಗಳಲ್ಲೂ ಒಂದೇ. ಶ್ರೀವತ್ಸ ತಣ್ಣಗೆ ಹೇಳಿದ: "ಸೋಮವಾರ ಹತ್ತು ಗಂಟೆ, ಮೇಡಂ. ಇಲ್ಲೇ. ಇಲ್ಲಾಂದ್ರೆ ಗೈರು."

ಕೆಳಗೆ ಬಾಗಿಲ ಬಳಿ ಫಿಲೋಮಿನಾ ಕಾದಿದ್ದರು. "ನಾನು ಹೆಚ್ಚೇನೂ ಮಾಡ್ಲಿಕ್ಕಿಲ್ಲ ಮಾರಾಯ್ತಿ," ಎಂದರು. "ನಿಮ್ಮೆಲ್ಲರ ಹಳೆಯ ಕರೆಗಳದ್ದೂ ಸೇರಿ ನೆಲದ ಲೆಕ್ಕವನ್ನು ಮೇಳಾಂಕಕ್ಕೆ ಕಾಯಂ ಹಾಕಿದ್ದೇನೆ, ಅಷ್ಟೆ. ಮತ್ತಿನದ್ದು ಅವರದ್ದೇ ಆದೇಶ ಮಾಡ್ತದೆ."

*

ಸೋಮವಾರ ಹತ್ತಕ್ಕೆ ಸರ್ವಮಂಗಳ ಕಿಟಕಿಯ ಪಕ್ಕ ಕೂತಳು. ಬೇಳೆ ಒಲೆಯ ಮೇಲಿತ್ತು. ಕೊಟ್ರೇಶ ಪಾಳಿಗೆ ಹೊರಟವನು ಬಾಗಿಲಲ್ಲೇ ನಿಂತ. ಪರದೆಯ ಮೇಲೆ ಅವಳ ಹೆಸರು ಕೆಂಪಾಯಿತು: ಗೈರುಹಾಜರಿ.

"ಮುಗೀತಾ?" ಎಂದ ಕೊಟ್ರೇಶ.

"ಗೊತ್ತಿಲ್ಲ."

ಭಟ್ಟಿಯಲ್ಲಿ ಮಂಡಕ್ಕಿ ಅರಳುತ್ತಿತ್ತು. ಹಾಲಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಅಷ್ಟರಲ್ಲಿ ಗಂಟೆ ಬಾರಿಸಿತು.

ಹಾಜರಿ ವಿಭಾಗ ಅವಳ ಹೆಸರನ್ನು ಹೊಡೆದು ಹಾಕಿತ್ತು. ಕರೆ ಹಂಚುವ ವಿಭಾಗ ಶ್ರೀವತ್ಸನ ಆದೇಶದಂತೆ ಅತಿ ಹೆಚ್ಚು ಮೇಳಾಂಕದವರನ್ನು ಹುಡುಕಿ ಕರೆ ಕಳಿಸಿತ್ತು. ಎರಡೂ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದವು. ಒಂದೇ ಮಹಡಿ, ನಡುವೆ ಒಂದೇ ಗಾಜು, ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಮಧ್ಯಾಹ್ನದೊಳಗೆ ಬೀದರಿನ ಒಬ್ಬರು, ಮಳವಳ್ಳಿಯ ಇಬ್ಬರು ಅವಳ ಕಿಟಕಿಯಿಂದ ಹೊರಬಂದರು. ಪರದೆಯ ಮೇಲೆ ಇನ್ನೂ ಐದಾರು ಕೆಂಪು ಹೆಸರುಗಳ ಪಕ್ಕ, ಕರೆಯಲ್ಲಿದ್ದಾರೆ ಎನ್ನುವ ಹಸಿರು ದೀಪಗಳು ಮಿನುಗುತ್ತಿದ್ದವು. ಅವಳಂತೆಯೇ ಗೋಪುರಕ್ಕೆ ಹೋಗದೆ ಕುಂದಾಪುರದಲ್ಲಿ, ಯಾದಗಿರಿಯಲ್ಲಿ ತಂತಮ್ಮ ಕಿಟಕಿ ತೆರೆದು ಕೂತವರು. ನಡುವೆ ನಾಗಭೂಷಣನ ಸಂದೇಶ ಬಂತು: 'ಅಕ್ಕೋ, ಇಲ್ಲಿ ಕುಕ್ಕರ್ ರೆಕಾರ್ಡಿಂಗ್ ಹಾಕಿದಾರೆ. ನಿಲ್ಲೋದೇ ಇಲ್ಲ. ಲಿಫ್ಟಲ್ಲಿರೋರು ತಮ್ಮ ಕಷ್ಟ ಬಿಟ್ಟು, ಮೊದ್ಲು ಗ್ಯಾಸ್ ಆಫ್ ಮಾಡಿ, ಮನೆ ಸಿಡಿಯುತ್ತೆ ಅಂತ ಕಿರುಚ್ತಾ ಇದಾರೆ. ಕುರ್ಚಿ ಮಾತ್ರ ಚೆನ್ನಾಗಿದೆ.'

ಆಮೇಲೆ ಶ್ರೀವತ್ಸನೇ ಫೋನು ಮಾಡಿದ. "ಮೇಡಂ, ಸಿಸ್ಟಮ್ ಪ್ರಕಾರ ನೀವು ಇಲ್ಲವೇ ಇಲ್ಲ. ಇವತ್ತಿನ ಅರ್ಧ ಕರೆ ನಿಮ್ಮವರಿಗೇ ಬರ್ತಿದೆ. ಹೇಗೆ?"

ಸರ್ವಮಂಗಳ ಗಂಟಲು ಸರಿಮಾಡಿಕೊಂಡಳು. ಹೊರಬಂದದ್ದು ಶ್ರೀವತ್ಸನದೇ ದನಿ, ಮೂಗಿನ ಮೇಲಿನ ಆ ಸಣ್ಣ ಬಿಗುವಿನ ಸಮೇತ. "ಬೇಸಿಕಲಿ, ಅಂಕಾನೇ ನಿರ್ಧರಿಸುತ್ತೆ ಸಾರ್. ಆ ಆದೇಶ ವಾಪಸ್ ತಗೋಬೇಕು ಅಂದ್ರೆ, ಅಂಕ ಸುಳ್ಳು ಅಂತ ಬರೆದುಕೊಡಬೇಕಾಗುತ್ತೆ. ರೈಟ್?"

ಆ ಕಡೆ ತನ್ನ ದನಿಯನ್ನೇ ಕೇಳಿದವನು "ಬೇಸಿ..." ಎನ್ನುವಷ್ಟರಲ್ಲಿ ಈ ಕಡೆ ಗಂಟೆ ಬಾರಿಸಿತು.

"ಇಡ್ತೀನಿ ಸಾರ್. ಯಾರೋ ಸಿಕ್ಕಾಕ್ಕೊಂಡಿದಾರೆ."

ಅವಳು ಕೊರಳ ಬಿಲ್ಲೆ ಸರಿಪಡಿಸಿಕೊಂಡಳು, ಕಿಟಕಿಯ ಇನ್ನೊಂದು ರೆಕ್ಕೆಯನ್ನೂ ದೂಡಿ ತೆರೆದಳು. ಹರಿಹರ, ರಾಣೆಬೆನ್ನೂರು, ಹಾವೇರಿ ಒಟ್ಟಿಗೆ ಒಳಗೆ ಬಂದವು. ಹೆಸರು ಇನ್ನೂ ಕೆಂಪಗೇ ಇತ್ತು.

"ಹೇಳ್ರಿ," ಎಂದಳು, "ನಾನಿಲ್ಲೇ ಇದೀನಿ."

ಅತ್ತೆ ಒಳಗಿಂದ ಕೂಗಿದರು: "ಉಂಡಾರೇನ್ ಕೇಳು!"